ಬತ್ತಿಗೆ ಸಾಕು

"ಗುರುಗಳೇ, ಒಬ್ಬನನ್ನು ನಂಬುವ ಮುಂಚೆ ಎಷ್ಟು ಸಲ ಪರೀಕ್ಷೆ ಮಾಡಬೇಕು?" ಎಂದು ಸೋಮಯ್ಯ ಕೇಳಿದ.

ಗುರುಗಳು ದಾರಿಬದಿಯ ಮಂಟಪದಲ್ಲಿ ಕುಳಿತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದರು. ಮರುದಿನ ಅವರ ಶಿಷ್ಯರಾದ ಸೋಮಯ್ಯನೂ ಕಾಳಯ್ಯನೂ ಜೊತೆಯಾಗಿ ದೇಶ ಸುತ್ತಲು ಹೊರಡಬೇಕಿತ್ತು. ಜೋಡಿ ಮಾಡಿದವರು ಗುರುಗಳೇ.

"ಯಾರನ್ನು ನಂಬಬೇಕಾಗಿದೆ?"

"ಕಾಳಯ್ಯನನ್ನು."

"ಪರೀಕ್ಷೆ ಮಾಡಿದೆಯಾ?"

"ಮಾಡಿದೆ. ನನ್ನ ಗಂಟು ಬಿಚ್ಚಿಟ್ಟು ಹೊಳೆಗೆ ಹೋದೆ. ಮುಟ್ಟಲಿಲ್ಲ. ಸುಳ್ಳು ದಾರಿ ಹೇಳಿ ಕಳಿಸಿದೆ. ಸುತ್ತಿ ಬಂದ, ಬೈಯಲಿಲ್ಲ. ಅವನ ಪಾಲಿನ ರೊಟ್ಟಿ ನಾನೇ ತಿಂದೆ. ಕೇಳಲಿಲ್ಲ."

"ಮತ್ತೇನು?"

"ಅದೇ ಅನುಮಾನ, ಗುರುಗಳೇ. ಇಷ್ಟೆಲ್ಲ ಮಾಡಿದರೂ ಒಬ್ಬ ಸುಮ್ಮನಿದ್ದಾನೆ ಎಂದರೆ ಒಳಗೆ ಏನೋ ಇರಬೇಕಲ್ಲ?"

ಗುರುಗಳು ಮುಳ್ಳು ಕಿತ್ತು ಬಿಸಾಡಿದರು. "ಕೂತುಕೋ" ಎಂದರು. ಕಾಲು ಮಡಚಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮೇಣದ ಬತ್ತಿ ಮಾಡುವವನೊಬ್ಬನಿದ್ದ. ಹೆಸರೊಂದು ಇತ್ತು, ಆದರೆ ಊರು ಅವನನ್ನು ಬತ್ತಿಯವನು ಎಂದೇ ಕರೆಯುತ್ತಿತ್ತು. ಮನೆಯಲ್ಲೇ ಮೇಣ ಕರಗಿಸುವುದು, ಅಚ್ಚಿನೊಳಗೆ ನೂಲು ಬಿಗಿದು ಮೇಣ ಹೊಯ್ಯುವುದು ಅವನ ಕೆಲಸ. ಆರಿದ ಬತ್ತಿಗಳನ್ನು ಬುಟ್ಟಿಯಲ್ಲಿ ಹೊತ್ತು ಮಾರಿ ಬರುವುದು ಅವನ ಹೆಂಡತಿ ಸಾಕಮ್ಮನ ಕೆಲಸ.

ಬತ್ತಿಯವನು ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಅವನಿಗೆ ಯಾವುದರ ಮೇಲೂ ಒಂದೇ ಸಲಕ್ಕೆ ನಂಬಿಕೆ ಕೂರುತ್ತಿರಲಿಲ್ಲ. ಬಾವಿಯ ಹಗ್ಗವನ್ನು ಎರಡು ಕೈಯಲ್ಲೂ ಜಗ್ಗಿ ನೋಡದೆ ಬಿಂದಿಗೆ ಇಳಿಸುವವನಲ್ಲ. ಅಂಗಡಿಯಲ್ಲಿ ಉಪ್ಪು ಕೊಂಡರೆ ಒಂದು ಹರಳನ್ನು ನಾಲಿಗೆಗೆ ಇಟ್ಟು, ಉಪ್ಪು ಉಪ್ಪಾಗಿಯೇ ಇದೆಯೇ ಎಂದು ನೋಡುತ್ತಿದ್ದ. ಎದುರಿಗೆ ಬಂದವರು "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದರೆ, ಇವನು ಯಾಕೆ ಕೇಳಿದ ಎಂದು ಮನೆ ಮುಟ್ಟುವ ತನಕ ಯೋಚಿಸುತ್ತಿದ್ದ.

ಒಮ್ಮೆ ಈ ಗುಣವೇ ಅವನನ್ನು ಕಾಪಾಡಿತ್ತು. ಪೇಟೆಯವನೊಬ್ಬ ಕೊಬ್ಬು ಬೆರೆಸಿದ ಮೇಣ ತಂದು ತಲೆಗೆ ಕಟ್ಟಲು ನೋಡಿದಾಗ ಬತ್ತಿಯವನು ಮೂಸಿಯೇ ಹಿಡಿದಿದ್ದ. ಅಂದಿನಿಂದ ತನ್ನ ಅನುಮಾನವನ್ನು ಮನೆದೇವರಂತೆ ನೋಡಿಕೊಂಡ.

ಆ ಊರಿನಾಚೆ ಒಂದು ಬೆಟ್ಟ. ಬೆಟ್ಟದ ಮೇಲೆ ಮಾತೆಯ ಇಗರ್ಜಿ, ಕ್ರೈಸ್ತರ ಗುಡಿ. ಹರಕೆ ಹೊತ್ತವರು, ಯಾವ ಜಾತಿಯವರಾದರೂ ಸರಿ, ಅಲ್ಲಿ ಬತ್ತಿ ಹಚ್ಚಿ ಬರುತ್ತಿದ್ದರು. ಬೆಟ್ಟದ ಬುಡದಲ್ಲಿ ಚೌರಪ್ಪ ಎಂಬ ವರ್ತಕನ ಬತ್ತಿ ಅಂಗಡಿ. ಸಾಕಮ್ಮ ಮದುವೆಯಾಗಿ ಬಂದ ವರ್ಷದಿಂದ ಆ ಅಂಗಡಿಗೆ ಬುಟ್ಟಿ ಹೊತ್ತಿದ್ದಳು. ಹೊತ್ತೂ ಹೊತ್ತೂ ಅವಳ ಮಂಡಿ ಸವೆಯಿತು. ಕೊನೆಗೊಂದು ವರ್ಷ ಮಂಡಿ ಊದಿಕೊಂಡು, ಬೆಳಗ್ಗೆ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ನಾಟಿ ವೈದ್ಯ ಕಾಲು ಒತ್ತಿ ನೋಡಿ, "ಇನ್ನೂ ಭಾರ ಹೊತ್ತೆಯೋ, ಈ ಕಾಲು ನಿನ್ನದಲ್ಲ ಅಂದ್ಕೋ" ಎಂದ.

ಚೌರಪ್ಪನೂ ಅವಳು ಕುಂಟುವುದನ್ನು ಕಂಡ.

"ಅವ್ವಾ, ಇನ್ನು ನೀನು ಹೊತ್ತು ತರಬೇಡ. ಮಾತೆಯ ಹಬ್ಬಕ್ಕೆ ಮುಂಚೆ ನಾನೇ ಗಾಡಿ ತಗೊಂಡು ನಿಮ್ಮ ಮನೆಗೆ ಬರ್ತೀನಿ. ನೋಡಿ ಹಿಡಿಸಿದರೆ ವರ್ಷವಿಡೀ ನಿಮ್ಮ ಮನೆ ಬತ್ತಿಯೇ ನನ್ನ ಅಂಗಡಿಗೆ. ಒಂದೇ ಮಾತು. ಹರಕೆ ಬತ್ತಿ ನೆಲದ ಮೇಲೆ ಬಿದ್ದಿರಬಾರದು, ಯಾರ ಕಾಲಿಗೂ ತಾಗಬಾರದು. ಎತ್ತರದಲ್ಲಿ ಹಲಗೆ ಮೇಲೆ ಜೋಡಿಸಿಡಿ. ದೇವರಿಗೆ ಹೋಗೋ ವಸ್ತು ನೋಡು."

ಸಾಕಮ್ಮ ಮನೆಗೆ ಬಂದು ಬುಟ್ಟಿ ಇಳಿಸಿದಳು. "ಪಡಸಾಲೆಗೆ ಒಂದು ಕಪಾಟು ಮಾಡಿಸ್ರೀ. ಬಾಗಿಲು ಬೇಡ, ಬರೀ ಹಲಗೆ. ಬಂದವರಿಗೆ ಕಾಣೋ ಹಂಗೆ ಜೋಡಿಸಿದರೆ ಊರವರೂ ಇಲ್ಲೇ ಬಂದು ತಗೋತಾರೆ. ನನ್ನ ಕಾಲು ಉಳೀತದೆ."

ಬತ್ತಿಯವನು ಒಪ್ಪಿದ. ಹೆಂಡತಿಯ ಕಾಲು ಉಳಿಯಲಿ ಎಂದು ಅವನಿಗೂ ಇತ್ತು. ಆದರೆ ಕಪಾಟು ಎಂದ ಕೂಡಲೇ ಅವನ ಕಣ್ಣಿಗೆ ಕಟ್ಟಿದ್ದು ಕಪಾಟಲ್ಲ, ಕಪಾಟು ಮುರಿದು ಬೀಳುವುದು. ಹಲಗೆ ವಾಲುತ್ತದೆ, ಹಬ್ಬದ ಬತ್ತಿಯೆಲ್ಲ ನೆಲಕ್ಕೆ ಸುರಿಯುತ್ತದೆ, ಅದೇ ಹೊತ್ತಿಗೆ ಚೌರಪ್ಪ ಹೊಸಲು ದಾಟುತ್ತಾನೆ. ಇಷ್ಟನ್ನೂ ಅವನು ಒಂದು ಗಳಿಗೆಯಲ್ಲಿ ಕಂಡ.

ಮೊದಲು ಪೇಟೆಗೆ ಹೋದ. ಕಬ್ಬಿಣದ ಸಾಮಾನಿನ ಅಂಗಡಿಯವನು ಒಂದು ಸ್ಟ್ಯಾಂಡನ್ನು ಬಡಿದು ತೋರಿಸಿ, "ಆನೆ ಹತ್ತಿ ಕೂತರೂ ಅಲುಗೋದಿಲ್ಲ ಅಣ್ಣಾ. ನನ್ನ ಮಗನ ಮೇಲೆ ಆಣೆ" ಎಂದ. ಬತ್ತಿಯವನು ಹಿಂದೆ ಸರಿದ. ನಾನು ಕೇಳಿದ್ದು ಬತ್ತಿಗೆ, ಇವನು ಆನೆಯನ್ನು ಯಾಕೆ ತಂದ? ಮಗನನ್ನು ಯಾಕೆ ತಂದ? ಸರಕು ಒಳ್ಳೆಯದಾದರೆ ಮಗನನ್ನು ಒತ್ತೆ ಇಡುವ ಗರಜು ಏನು? ಬರಿಗೈಯಲ್ಲಿ ಬಂದ.

ಆಮೇಲೆ ಗಾರೆ ಕೆಲಸದ ಮೇಸ್ತ್ರಿಯನ್ನು ಕರೆದ. ಗೋಡೆಗೆ ಎರಡು ಮರದ ಕೈ ಹುಗಿದು ಮೇಲೆ ಹಲಗೆ ಇಟ್ಟರೆ ಆಯಿತು, ಹಳಬರು ಅದಕ್ಕೇ ನಾಗಂದಿಗೆ ಅನ್ನುತ್ತಿದ್ದರು ಎಂದ ಮೇಸ್ತ್ರಿ. ಬತ್ತಿಯವನು ಗೋಡೆಗೆ ಕಿವಿ ಹಚ್ಚಿದ. ಒಳಗೆ ಗೆದ್ದಲು ತಿನ್ನುವ ಸದ್ದು ಕೇಳಿಸಲಿಲ್ಲ. ಸದ್ದಿಲ್ಲದೆ ತಿನ್ನುವುದೇ ಗೆದ್ದಲಿನ ಗುಣ ಎಂದುಕೊಂಡು ಮೇಸ್ತ್ರಿಯನ್ನು ಕಳಿಸಿಬಿಟ್ಟ.

ಅಂಗಡಿ ಮುಚ್ಚಿದವನೊಬ್ಬ ತನ್ನ ಹಳೆಯ ಕಪಾಟು ಕೊಡುತ್ತೇನೆ ಎಂದ. ಗಟ್ಟಿ ಇದ್ದರೆ ಯಾಕೆ ಕೊಡುತ್ತಾನೆ? ಅದೂ ಬೇಡವಾಯಿತು.

ಕೊನೆಗೆ ಸಾಕಮ್ಮನೇ ಹೇಳಿದಳು. "ನಮ್ಮ ತವರಲ್ಲಿ ಒಬ್ಬ ಆಚಾರಿ ಇದ್ದಾನೆ. ಮರಗೆಲಸದಲ್ಲಿ ಕೈ ಚೆಂದ, ಮಾತು ಕಮ್ಮಿ. ನಾನು ಮಲಗಿದ ತೊಟ್ಟಿಲು ಅವರಪ್ಪ ಮಾಡಿದ್ದು. ಈಗ ನಮ್ಮಣ್ಣನ ಮೊಮ್ಮಗು ಅದರಲ್ಲೇ ಮಲಗ್ತದೆ."

"ತೊಟ್ಟಿಲು ಮಾಡಿದ್ದು ಅವರಪ್ಪ. ಇವನಲ್ಲವಲ್ಲ."

"ನಿಮ್ಮಪ್ಪ ಒಳ್ಳೆಯವರು ಅಂತ ತಾನೇ ನಮ್ಮಪ್ಪ ನಿಮಗೆ ಹೆಣ್ಣು ಕೊಟ್ಟಿದ್ದು? ಹಂಗಾದ್ರೆ ಅವರೂ ಮೋಸ ಹೋದರು ಅನ್ನಿ."

ಆಚಾರಿಯನ್ನು ಕರೆಸಿದರು.

ಆಚಾರಿ ಬಂದು ಪಡಸಾಲೆ ನೋಡಿದ. ನೆಲವನ್ನು ಹಿಮ್ಮಡಿಯಲ್ಲಿ ತಟ್ಟಿದ. ಬುಟ್ಟಿಯಿಂದ ಒಂದು ಬತ್ತಿ ತೆಗೆದು ಅಂಗೈಯಲ್ಲಿ ತೂಗಿ ಮತ್ತೆ ಇಟ್ಟ. ಹಲಸಿನ ಹಲಗೆ ತಂದು ಕೆಲಸ ಹಿಡಿದ. ಮೊಳೆ ಹೊಡೆಯಲಿಲ್ಲ; ಕಾಲಿನ ತೂತಿಗೆ ಹಲಗೆಯ ಮೊನೆ ಕೂರಿಸಿ ಬೆಣೆ ಬಡಿದ. ಕೆಲಸ ನಡೆದಷ್ಟು ದಿನವೂ ಬತ್ತಿಯವನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಅವನ ಕೈಯನ್ನೇ ಕಾದ. ಆಚಾರಿ ತಲೆ ಎತ್ತಲಿಲ್ಲ. ಕೊನೆಯ ದಿನ ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು, ಕಪಾಟನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರಿ ಹೇಳಿದ.

"ಬತ್ತಿಗೆ ಸಾಕು."

ಬಸ್ಸು ತಪ್ಪುತ್ತದೆಂದು ಸಾಕಮ್ಮ ಕಾಸುತ್ತಿದ್ದ ಕಾಫಿಗೂ ನಿಲ್ಲದೆ ಹೊರಟುಹೋದ.

ಬಸ್ಸಿನ ಸದ್ದು ದೂರವಾಗುವ ಮೊದಲೇ ಆ ಮಾತು ಬತ್ತಿಯವನ ತಲೆಯೊಳಗೆ ಹುಳದಂತೆ ಹೊಕ್ಕಿತು.

"ಕೇಳಿದೆಯಾ ಅವನು ಅಂದಿದ್ದು?"

"ಏನಂದ?"

"ಬತ್ತಿಗೆ ಸಾಕು ಅಂದ. ಗಟ್ಟಿ ಐತೆ ಅನ್ನಲಿಲ್ಲ. ಸಾಕು ಅಂದ. ಅಂದ್ರೆ ಇನ್ನೊಂದಕ್ಕೆ ಸಾಲೋದಿಲ್ಲ ಅಂತ ತಾನೇ?"

"ನಾವು ಇಡೋದು ಬತ್ತಿ ತಾನೇ?"

"ಇವತ್ತು ಬತ್ತಿ. ಆದರೆ ಅವನು ಯಾಕೆ ಅಳೆದು ಹೇಳಬೇಕು? ಏನೋ ಕಮ್ಮಿ ಮಾಡಿದ್ದಾನೆ. ಮನಸ್ಸು ಚುಚ್ಚಿ ಬಾಯಿಗೆ ಬಂದುಬಿಡ್ತು. ಅದಕ್ಕೇ ಕಾಫಿಗೂ ನಿಲ್ಲದೆ ಓಡಿದ."

ಸಾಕಮ್ಮ ನಕ್ಕಳು. "ನಾನು ಐದನೆಯ ಹೆಣ್ಣು. ಹುಟ್ಟಿದಾಗ ನಮ್ಮಪ್ಪನೂ ಇನ್ನು ಸಾಕು ಅಂದ. ಅದನ್ನೇ ಹೆಸರು ಇಟ್ಟ. ನಾನೇನು ಮುರಿದು ಬಿದ್ದೆನಾ?"

ಬತ್ತಿಯವನಿಗೆ ನಗು ಬರಲಿಲ್ಲ. ಅವನು ಕಪಾಟಿನ ಕಾಲು ಹಿಡಿದು ಅಲ್ಲಾಡಿಸಿದ. ಹೊಸ ಮರ, ಎಲ್ಲೋ ಒಂದು ಕಡೆ ಕಿರ್ ಎಂದಿತು. ಅವನು ಹೆಂಡತಿಯ ಕಡೆ ತಿರುಗಿದ. ಮಾತಾಡಲಿಲ್ಲ, ಆದರೆ ಅವನ 'ನೋಡಿದೆಯಾ' ಇಡೀ ಮನೆಗೆ ಕೇಳಿಸಿತು.

ಹಬ್ಬದ ಬತ್ತಿ ಆಗಲೇ ತಯಾರಾಗಿ ಆರಿತ್ತು. ಹಾಲಿನಂತೆ ಬೆಳ್ಳಗಿತ್ತು. ಅವನು ಅದನ್ನು ಕಪಾಟಿಗೆ ಇಡಲು ಬಿಡಲಿಲ್ಲ. ನೆಲದ ಮೇಲೂ ಇಡುವ ಹಾಗಿಲ್ಲ. ಎಲ್ಲವನ್ನೂ ಗೋಣಿತಾಟಿನಲ್ಲಿ ಸುತ್ತಿ ಅಡುಗೆಮನೆಯ ಅಟ್ಟಕ್ಕೆ ಏರಿಸಿದ. ಒಲೆಯಿಂದ ದೂರದ ಮೂಲೆಗೇ ತಳ್ಳಿದ. ಕಾವು ತಾಗಿದರೆ ಮೇಣ ಬಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಟ್ಟದ ಮೇಲೆ ಹೊಗೆ ಸುತ್ತುತ್ತೆ ಕಣ್ರೀ" ಎಂದಳು ಸಾಕಮ್ಮ.

"ಒಂದೆರಡು ದಿನದ ಮಾತು. ಕಪಾಟು ಗಟ್ಟಿ ಅಂತ ಗೊತ್ತಾಗಲಿ, ಇಳಿಸೋಣ. ಆ ಅಟ್ಟ ನಮ್ಮಪ್ಪ ಕಟ್ಟಿಸಿದ್ದು."

ಅಪ್ಪನ ಅಟ್ಟದ ಮೇಲೆ ಅವನಿಗೆ ಅನುಮಾನ ಬರಲಿಲ್ಲ. ಕೇಳು ಸೋಮಯ್ಯ, ಅನುಮಾನದವನು ಎಲ್ಲವನ್ನೂ ಅನುಮಾನಿಸುತ್ತಾನೆ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ಅವನಿಗೂ ಒಂದು ಅಟ್ಟ ಇರುತ್ತದೆ.

ಮರುದಿನ ಸಾಕಮ್ಮ ಚಟ್ನಿ ರುಬ್ಬಲು ಕುಳಿತರೆ ಒರಳಿನಲ್ಲಿ ಗುಂಡುಕಲ್ಲು ಇಲ್ಲ. ಹುಡುಕಿದಳು. ಅದು ಕಪಾಟಿನ ನಡುಹಲಗೆಯ ಮೇಲೆ ದೇವರಂತೆ ಕುಳಿತಿತ್ತು. ಬತ್ತಿಯವನು ಎದುರಿಗೆ ಕುಳಿತು ಹಲಗೆ ಬಾಗುತ್ತದೆಯೇ ಎಂದು ನೋಡುತ್ತಿದ್ದ.

"ನನ್ನ ಗುಂಡು ಕೊಡ್ರೀ."

"ಇರಲಿ. ಇನ್ನೂ ಗೊತ್ತಾಗಿಲ್ಲ."

"ಸರಿ ಹಂಗಾದ್ರೆ. ಇವತ್ತು ಚಟ್ನಿ ಇಲ್ಲ. ಹಲಗೆಗೆ ಬಡಿಸಿದ್ದನ್ನೇ ನೀವೂ ಉಣ್ಣಿ."

ಹಲಗೆ ಬಾಗಲಿಲ್ಲ. ಬತ್ತಿಯವನು ಹಿತ್ತಲಿನಿಂದ ಇನ್ನಷ್ಟು ಕಲ್ಲು ತಂದ. ಮೇಲಿನ ಹಲಗೆಗೆ ಒಂದು, ಕೆಳಗಿನದಕ್ಕೆ ಒಂದು, ಮೂಲೆಗೆ ಒಂದು. ಕಪಾಟು ಹೊತ್ತುಕೊಂಡು ನಿಂತಿತು. ದಿನ ಕಳೆಯಿತು, ನಿಂತೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಮುಗಿದು ಬತ್ತಿ ಜೋಡಿಸುತ್ತಿದ್ದರು. ಇವನಿಗೆ ಹೊಸ ಚಿಂತೆ ಹತ್ತಿತು. ಇಷ್ಟು ಭಾರ ಹೊರುವ ಹಲಗೆ ಮಾಡಿದವನು ಬಾಯಿ ತುಂಬ ಹೇಳಿಕೊಳ್ಳಬೇಕಿತ್ತಲ್ಲ? ಬರೀ ಸಾಕು ಎಂದು ಯಾಕೆ ಹೇಳಿದ? ಮೊದಲು ಹೊತ್ತು ಆಮೇಲೆ ಕೈಕೊಡುವ ಮರ ಇರಬೇಕು. ಮುರಿಯುವುದು ಮುರಿಯುವ ದಿನಕ್ಕೆ ತಾನೇ ಗೊತ್ತಾಗುವುದು?

ಪಕ್ಕದ ಬೀದಿಯ ಗಿರಿಜಮ್ಮ ಎರಡು ಬತ್ತಿ ಕೊಳ್ಳಲು ಬಂದಳು. ಕಪಾಟಿನ ತುಂಬ ಕಲ್ಲು ನೋಡಿ ಹೊಸಲಲ್ಲೇ ನಿಂತಳು.

"ಏನು ಸಾಕಮ್ಮ, ಬತ್ತಿ ಬಿಟ್ಟು ಕಲ್ಲು ಮಾರೋಕೆ ಹಿಡಿದಿರಾ? ಕೇಜಿ ಹೆಂಗೆ?"

"ತಗೋ ತಾಯಿ, ಮನೆ ಯಜಮಾನರನ್ನೂ ಸೇರಿಸಿ ಕೊಡ್ತೀನಿ" ಎಂದಳು ಸಾಕಮ್ಮ. ಇಬ್ಬರೂ ನಕ್ಕರು. ಗಿರಿಜಮ್ಮ ಬತ್ತಿ ಕೊಳ್ಳದೆ ಹೋದಳು; ಬತ್ತಿ ಅಟ್ಟದ ಮೇಲಿತ್ತು. ಅವಳು ಆಡಿದ ಮಾತು ಊರೆಲ್ಲ ತಿರುಗಿತು. ಜನ ಬತ್ತಿಗೆ ಬರುವುದನ್ನು ಬಿಟ್ಟು ಕಲ್ಲು ನೋಡಲು ಬಂದರು.

ಹಬ್ಬ ಹತ್ತಿರ ಬಂತು. ಸಾಕಮ್ಮ ದಿನಾ ಬೆಳಗ್ಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ಇವತ್ತಾದರೂ ಜೋಡಿಸೋಣವಾ?" ಎಂದು ಕೇಳುತ್ತಿದ್ದಳು. "ಇನ್ನೊಂದು ಸಲ ನೋಡಿಬಿಡ್ತೀನಿ" ಎನ್ನುತ್ತಿದ್ದ ಅವನು.

ಆ ಇನ್ನೊಂದು ಸಲಕ್ಕೆ ಅವನು ಒಂದು ಉಪಾಯ ಮಾಡಿದ. ಎಲೆಯಡಿಕೆಯ ಸುಣ್ಣದಲ್ಲಿ ಬೆರಳು ಅದ್ದಿ, ಹಲಗೆಯ ಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೆ ಒಂದು ಗೆರೆ ಎಳೆದ. ಹಲಗೆ ಕೂದಲಿನಷ್ಟು ಇಳಿದರೂ ಗೆರೆ ಹೇಳಿಬಿಡುತ್ತದೆ. ಆ ರಾತ್ರಿ ನೆಮ್ಮದಿಯಿಂದ ಮಲಗಿದ.

ಬೆಳಗ್ಗೆ ಎದ್ದು, ಹೊದ್ದ ಕಂಬಳಿಯಲ್ಲೇ, ಎಂದಿನಂತೆ ಕಪಾಟಿಗೂ ಗೋಡೆಗೂ ನಡುವೆ ಹೆಗಲು ತೂರಿಸಿ ಅಲ್ಲಾಡಿಸಿದ. ಮುಂದೆ ಬಂದು ಗೆರೆ ನೋಡಿದ. ಗೆರೆ ಇರಲಿಲ್ಲ. ಸುಣ್ಣದ ಒಂದು ಮಸುಕು ಕಲೆ ಮಾತ್ರ ಉಳಿದಿತ್ತು.

ಅವನು ಮೆಲ್ಲಗೆ ಅಡುಗೆಮನೆಗೆ ಹೋದ.

"ಗೆರೆ ಅಳಿಸಿದ್ದು ನೀನೇ ಅಲ್ಲವಾ?"

"ಯಾವ ಗೆರೆ?"

"ಗೊತ್ತಿಲ್ಲದವಳ ಹಂಗೆ ಕೇಳಬೇಡ. ಹಲಗೆ ಇಳಿದಿದೆ. ನಾನು ನೋಡುವ ಮುಂಚೆ ನೀನು ನೋಡಿದೆ. ತವರಿನವನ ಮಾನ ಉಳಿಸೋಕೆ ಅಳಿಸಿದೆ. ಇಬ್ಬರೂ ಸೇರಿ ಈ ಕಪಾಟನ್ನ ನನ್ನ ತಲೆಗೆ ಕಟ್ಟಿದಿರಿ."

ಸಾಕಮ್ಮ ಊದುಕೊಳವೆ ಕೆಳಗಿಟ್ಟು ಅವನನ್ನು ನೋಡಿದಳು. ಗೋಡೆ ಹಿಡಿದು ಎದ್ದಳು. ಹತ್ತಿರ ಬಂದು ಅವನ ಹೆಗಲನ್ನು ಕೈಯಲ್ಲಿ ಕೊಡವಿದಳು. ಕಂಬಳಿಯ ಮೇಲಿಂದ ಸುಣ್ಣ ಪುಡಿಯಾಗಿ ಉದುರಿತು.

"ಕುಂಬಳಕಾಯಿ ಕದ್ದವನ ಹೆಗಲು ಹಿಂಗೇ ಇರುತ್ತೆ ಅಂತಾರೆ" ಎಂದಳು.

ಆ ಮಾತಿನಲ್ಲಿ ಎಂದಿನ ನಗು ಇರಲಿಲ್ಲ. ಬತ್ತಿಯವನು ತನ್ನ ಹೆಗಲು ನೋಡಿಕೊಂಡ. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ, ಇವಳು ಇಷ್ಟು ಬೇಗ ಹೆಗಲನ್ನೇ ಹೇಗೆ ನೋಡಿದಳು ಎಂಬ ಯೋಚನೆ ಅಡ್ಡ ಬಂತು. ಬಾಯಿ ಮುಚ್ಚಿದ. ಅಂದಿನಿಂದ ಸಾಕಮ್ಮ ಬತ್ತಿ ಜೋಡಿಸೋಣವಾ ಎಂದು ಕೇಳುವುದನ್ನು ಬಿಟ್ಟಳು.

ಹೇಳಿದ ಮಾತಿನಂತೆ ಚೌರಪ್ಪ ಬಂದ. ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದ. ದೇವರಿಗೆ ಹೋಗುವ ವಸ್ತುವಿನ ಮೇಲೆ ಅವನಿಗೆ ಅಷ್ಟು ಭಕ್ತಿ. ಕಪಾಟು ನೋಡಿದ. ಕಲ್ಲು ನೋಡಿದ.

"ಬತ್ತಿ ಎಲ್ಲಿ?"

"ಇದೆ ಸ್ವಾಮಿ, ತರ್ತೀನಿ" ಎಂದು ಬತ್ತಿಯವನು ಅಟ್ಟ ಹತ್ತಿ ಗೋಣಿತಾಟು ಇಳಿಸಿ ಬಿಚ್ಚಿದ.

ಬತ್ತಿ ಬಾಗಿರಲಿಲ್ಲ, ಮುರಿದಿರಲಿಲ್ಲ. ಆದರೆ ಹಾಲಿನ ಬಣ್ಣ ಹೋಗಿ, ಹಳೆಯ ಹಲ್ಲಿನಂತೆ ಹಳದಿ ತಿರುಗಿತ್ತು. ಮೇಲೆ ಮಸಿಯ ತೆಳು ಪೊರೆ ಕೂತಿತ್ತು. ದಿನಾ ಒಲೆ ಉರಿದಿತ್ತು, ದಿನಾ ಹೊಗೆ ಅಟ್ಟಕ್ಕೆ ಏರಿತ್ತು, ತಾಟಿನ ಸಂದಿಯಲ್ಲಿ ನುಗ್ಗಿ ಮೇಣವನ್ನು ಹಿಡಿದಿತ್ತು.

ಚೌರಪ್ಪ ಒಂದು ಬತ್ತಿ ತೆಗೆದು ಮೂಸಿದ. ಹೆಬ್ಬೆರಳಿನಲ್ಲಿ ಉಜ್ಜಿದ. ಬೆರಳು ಕಪ್ಪಾಯಿತು. ಅವನ ಮುಖ ಬಿಗಿಯಿತು.

"ಇದು ಒಂದು ಸಲ ಉರಿದ ಮೇಣ."

"ಅಯ್ಯೋ, ಅಲ್ಲ ಸ್ವಾಮಿ!"

"ಬೆಟ್ಟದ ಮೇಲೆ ಉರಿದು ಉಳಿದ ಮೇಣ ಬುಟ್ಟಿಗಟ್ಟಲೆ ಕೆಳಗೆ ಬರುತ್ತೆ. ಕದ್ದು ತರೋರಿದ್ದಾರೆ, ಕರಗಿಸಿ ಹೊಸದು ಅಂತ ಮಾರೋರೂ ಇದ್ದಾರೆ. ಒಬ್ಬರ ಹರಕೆಗೆ ಉರಿದದ್ದು ಎಂಜಲು ಮೇಣ. ಅದನ್ನ ಇನ್ನೊಬ್ಬರ ಹರಕೆಗೆ ಹೆಂಗೆ ಕೊಡಲಿ? ಅಂಥದ್ದಕ್ಕೆ ಹೀಗೇ ಮಸಿ ವಾಸನೆ ಇರುತ್ತೆ."

"ಇದು ಅಟ್ಟದ ಹೊಗೆ ಸ್ವಾಮಿ. ಮೇಣ ಹೊಸದು. ಹಚ್ಚಿ ನೋಡಿ ಬೇಕಾದರೆ."

"ಹಚ್ಚಿದರೆ ಈಗ ಉರಿಯೋದು ಕಾಣುತ್ತೆ. ಹಿಂದೆ ಉರಿದಿತ್ತೋ ಇಲ್ಲವೋ ಅದರಲ್ಲಿ ಕಾಣುತ್ತಾ?"

"ನಮ್ಮಪ್ಪನ ಆಣೆ."

"ಬತ್ತಿ ಒಳ್ಳೆಯದಾದರೆ ಸತ್ತವರನ್ನ ಯಾಕೆ ಎಬ್ಬಿಸ್ತೀಯ?"

ಬತ್ತಿಯವನಿಗೆ ಈ ಮಾತು ಎಲ್ಲೋ ಕೇಳಿದಂತಾಯಿತು. ತಾನೇ ಅಂದುಕೊಂಡದ್ದು ಎಂದು ನೆನಪಾಗಲಿಲ್ಲ.

ಚೌರಪ್ಪ ಕಪಾಟಿನ ಕಡೆ ಕೈ ತೋರಿಸಿದ. "ಇಷ್ಟು ಒಳ್ಳೆ ಕಪಾಟು ಮಾಡಿಸಿದ್ದೀಯ. ಹೊಸ ಬತ್ತಿಯಾದರೆ ಇದರ ಮೇಲೆ ಇಡೋದು ಬಿಟ್ಟು ಅಟ್ಟದ ಕತ್ತಲೆಯಲ್ಲಿ ಯಾಕೆ ಬಚ್ಚಿಟ್ಟೆ?"

ಬತ್ತಿಯವನು ನಿಜ ಹೇಳಿದ.

"ಹಲಗೆ ಮುರಿಯುತ್ತೆ ಅಂತ ಹೆದರಿಕೆ ಇತ್ತು ಸ್ವಾಮಿ."

ಚೌರಪ್ಪ ಅವನನ್ನು ನೋಡಿದ. ಗುಂಡುಕಲ್ಲು ನೋಡಿದ, ಅದರ ಪಕ್ಕದ ಕಲ್ಲು ನೋಡಿದ, ಮೇಲಿನದು ನೋಡಿದ.

"ಕಲ್ಲು ಹೊರೋ ಹಲಗೆ ಬತ್ತಿ ಹೊರೋದಿಲ್ಲ ಅಂತೀಯಾ? ಸುಳ್ಳು ಹೇಳೋದಾದರೆ ಸ್ವಲ್ಪ ನಂಬೋ ಹಂಗಾದರೂ ಹೇಳು."

"ಅದು ನಿಜ ಅಣ್ಣಾ" ಎಂದಳು ಸಾಕಮ್ಮ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಇವರು ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ಇವರು ಇರೋದೇ ಹಂಗೆ."

"ನೀನು ಗಂಡನನ್ನ ಬಿಟ್ಟುಕೊಡ್ತೀಯಾ ಅವ್ವಾ? ಕೊಡೋದಿಲ್ಲ, ಕೊಡಲೂಬಾರದು." ಚೌರಪ್ಪ ಅವಳ ಕಾಲು ನೋಡಿದ. ಅವನ ದನಿ ಇಳಿಯಿತು. "ನಿನ್ನ ಕಾಲು ನೋಡಿದರೆ ನನಗೂ ಕರುಳು ಚುರುಕ್ ಅನ್ನುತ್ತೆ. ಆದರೆ ಮಗು ಉಳೀಲಿ ಅಂತ ಬೆಟ್ಟ ಹತ್ತಿ ಬಂದವಳ ಕೈಗೆ ನಾನು ಇದನ್ನ ಇಟ್ಟು, ನಾಳೆ ಅವಳು ಕೇಳಿದರೆ ಏನಂತ ಹೇಳಲಿ?"

ಬತ್ತಿಯನ್ನು ಮೆಲ್ಲಗೆ ತಾಟಿನ ಮೇಲೆ ಇಟ್ಟ. ಅದು ನೆಲಕ್ಕೆ ತಾಗದಂತೆ ಇಟ್ಟ. ಖಾಲಿ ಗಾಡಿ ಹೊಡೆದುಕೊಂಡು ಇನ್ನೊಂದು ಊರಿನ ದಾರಿ ಹಿಡಿದ.

ಬದುಕಿನಲ್ಲಿ ಎಂದೂ ಇಷ್ಟು ನಿಜ ಹೇಳಿರಲಿಲ್ಲ ಬತ್ತಿಯವನು. ಎಂದೂ ಇಷ್ಟು ಕಳ್ಳನಂತೆ ನಿಂತಿರಲಿಲ್ಲ.

ಮರುದಿನ ಬೆಳಗ್ಗೆ ಸಾಕಮ್ಮ ಮಸಿ ಹಿಡಿದ ಬತ್ತಿಗಳನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿದಳು. ಹರಕೆಗೆ ಬಾರದಿದ್ದರೂ ಕರೆಂಟು ಹೋದ ಮನೆಗೆ ಆಗುತ್ತದೆ. ಬುಟ್ಟಿಗೆ ತುಂಬಿದಳು. ಸಿಂಬಿ ಸುತ್ತಿ ತಲೆಗೆ ಇಟ್ಟುಕೊಂಡಳು.

"ಬುಟ್ಟಿ ಎತ್ತಿ ಹೊರಿಸ್ರೀ."

"ನಾನೇ ಹೋಗ್ತೀನಿ ಕೊಡು" ಎಂದ ಬತ್ತಿಯವನು.

"ಯಾರ ಮನೆಗೆ ಹೋಗ್ತೀರಿ? ಊರು ತುಂಬ ಆಗಲೇ ಎಂಜಲು ಬತ್ತಿ ಅಂತ ಮಾತಾಗಿದೆ. ನಿಮ್ಮನ್ನ ಕಂಡರೆ ಬಾಗಿಲು ಹಾಕ್ತಾರೆ. ನನ್ನ ಕಾಲು ನೋಡಿಯಾದರೂ ಒಂದೆರಡು ತಗೋತಾರೆ."

ಅವನು ಎತ್ತಿ ಹೊರಿಸಿದ. ಅವಳು ಹೊಸಲು ದಾಟುವಾಗ ಒಂದು ಕೈ ಬುಟ್ಟಿಗೆ, ಒಂದು ಕೈ ಗೋಡೆಗೆ. ಗೋಡೆ ಮುಗಿದ ಮೇಲೆ ಆ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಮಂಡಿಯ ಮೇಲೆ ಇಳಿಯಿತು. ಬೀದಿಯ ತಿರುವಿನ ತನಕ ಅವನಿಗೆ ಕಂಡಳು.

ಅವನು ಒಳಗೆ ಬಂದ. ಕಪಾಟಿನಿಂದ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ ಹಿತ್ತಲಿಗೆ ಹಾಕಿದ. ಗುಂಡನ್ನು ಒರಳಿಗೆ ಸೇರಿಸಿದ. ಬರಿದಾದ ಹಲಗೆಗಳ ಮುಂದೆ ನಿಂತ. ಈಗ ಇಡಲು ಏನೂ ಇರಲಿಲ್ಲ. ಆದರೂ ಅವನ ಕೈ ತಾನಾಗಿ ಮುಂದೆ ಹೋಗಿ ಕಪಾಟಿನ ಕಾಲು ಹಿಡಿದು ಒಮ್ಮೆ ಅಲ್ಲಾಡಿಸಿತು.

ಕಪಾಟು ಅಲುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ರಸ್ತೆಯಲ್ಲಿ ಒಂದು ಗಾಡಿ ಹೋಯಿತು. ಮಂಟಪದ ಆಚೆ ಕಾಳಯ್ಯ ನಾಳೆಯ ದಾರಿಗೆ ಇಬ್ಬರ ಕಂಬಳಿಯನ್ನೂ ಬಿಸಿಲಿಗೆ ಹರಡುತ್ತಿದ್ದ.

ಸೋಮಯ್ಯನಿಗೆ ಸಾಕಮ್ಮನ ಕಾಲಿನದೇ ಸಂಕಟ. ತಡೆಯಲಾರದೆ ಕೇಳಿದ.

"ಅಲ್ಲ ಗುರುಗಳೇ, ಬತ್ತಿಯವನು ಹೇಳಿದ್ದು ನಿಜವೇ ಆಗಿತ್ತಲ್ಲ. ಆ ಚೌರಪ್ಪ ಒಂದು ಸಲ, ಒಂದೇ ಒಂದು ಸಲ, ನಂಬಿದ್ದರೆ ಏನು ಕಳೆದುಕೊಳ್ಳುತ್ತಿದ್ದ?"

ಗುರುಗಳು ಎದ್ದು ಕೋಲು ಕೈಗೆ ತೆಗೆದುಕೊಂಡರು.

"ಮೊದಲು ನಂಬುವ ಕೆಲಸವನ್ನು ನೀನೂ ಎದುರಿನವನಿಗೇ ಬಿಟ್ಟೆಯಲ್ಲ."